ಹತ್ತು ಸಾವಿರ ಗಿರಾಕಿಗಳಿಗೆ ಒಬ್ಬನೇ ಮಾಣಿ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನ ನಾಡಿನ ಮೂಲೆಮೂಲೆಗಳಿಂದ ಲಕ್ಷಾಂತರ ವಿದ್ಯಾರ್ಥಿಗಳು ಒಂದೇ ಗಳಿಗೆಯಲ್ಲಿ ಒಂದೇ ಜಾಲತಾಣದ ಬಾಗಿಲನ್ನು ತಟ್ಟುವರು. ಪ್ರತಿಯೊಬ್ಬನು ಕೇಳುವುದೂ ಅಲ್ಪ, ಅವನಿಗೆ ಬೇಕಾದ ಉತ್ತರವೂ ಅಲ್ಪ. ಒಂದು ನೋಂದಣಿ ಸಂಖ್ಯೆ ಹೋಗಬೇಕು. ಕೆಲವು ವಿಷಯಗಳ ಅಂಕಗಳು ಬರಬೇಕು. ಇವೆರಡೂ ಸೇರಿದರೆ ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸುವಷ್ಟು ಸಮಾಚಾರ. ಹೀಗಿದ್ದರೂ ಅಂದು ಪರದೆಯ ಮೇಲೆ ಏನೂ ಮೂಡದೆ, ಮಕ್ಕಳೂ ತಾಯಿತಂದೆಗಳೂ ನಿಮಿಷಗಟ್ಟಲೆ ಕಾದು ಕುಳಿತುಕೊಳ್ಳಬೇಕಾಗುವುದುಂಟು. ಸೆಕೆಂಡಿಗೆ ನೂರಾರು ಕೋಟಿ ಹೆಜ್ಜೆಗಳನ್ನಿಡಬಲ್ಲ ಯಂತ್ರಕ್ಕೆ ಇಷ್ಟು ಸಣ್ಣ ಕೆಲಸ ಏಕೆ ಭಾರವಾಗುವುದು?

ಯಂತ್ರದ ಬಲ ಸಾಲದೆಂಬುದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಕೆಲವು ಸಂದರ್ಭಗಳಲ್ಲಿ ಅದು ನಿಜವೂ ಹೌದು. ಆದರೆ ಬಹುಪಾಲು ಸಂದರ್ಭಗಳಲ್ಲಿ ಯಂತ್ರವು ದುಡಿದು ದಣಿದಿರುವುದಿಲ್ಲ; ಅದು ಕಾಯುತ್ತ ನಿಂತಿರುತ್ತದೆ. ಕಾಯುವುದಕ್ಕೂ ಒಂದು ಕ್ರಮವಿದೆ. ಆ ಕ್ರಮವನ್ನು ಪ್ರೋಗ್ರಾಮು ಬರೆಯುವವರ ಕೈಗೆ ಸಿದ್ಧವಾಗಿ ಕೊಡುವ ಸಾಧನಗಳು ಕೆಲವುಂಟು. ಪೈಥಾನ್ ಭಾಷೆಗಾಗಿ ರಚಿತವಾದ ‘ಟ್ವಿಸ್ಟೆಡ್’ ಎಂಬ ಜಾಲ ಲೈಬ್ರರಿ ಅಂಥವುಗಳಲ್ಲಿ ಪ್ರಸಿದ್ಧವಾದದ್ದು. ಲೈಬ್ರರಿಯೆಂದರೆ ಇಲ್ಲಿ ಪುಸ್ತಕ ಭಂಡಾರವಲ್ಲ. ಬಲ್ಲವರು ಬರೆದು, ಪರೀಕ್ಷಿಸಿ, ಇತರರ ಉಪಯೋಗಕ್ಕೆಂದು ಇಟ್ಟಿರುವ ಪ್ರೋಗ್ರಾಮಿನ ಭಾಗಗಳ ಸಂಗ್ರಹಕ್ಕೆ ಈ ಹೆಸರು. ಈ ಲೈಬ್ರರಿಯ ಹಿಂದಿರುವ ವಿಚಾರವನ್ನು ಈಗ ಒಂದೊಂದಾಗಿ ನೋಡೋಣ.

ಬೆಳಕು ಹಾಕಿಕೊಟ್ಟ ಗಡುವು

ನಿರ್ವಾತದಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು ಸಾಗುವುದೆಂಬುದು ವಿದ್ಯಾರ್ಥಿಗಳಿಗೆಲ್ಲ ತಿಳಿದ ವಿಷಯ. ಇಂದು ದೇಶದೇಶಗಳ ನಡುವೆ ಸಂದೇಶವನ್ನೊಯ್ಯುವುದು ಗಾಜಿನ ಎಳೆಗಳೊಳಗೆ ಹರಿಯುವ ಬೆಳಕು. ಈ ಗಾಜಿನ ವಕ್ರೀಭವನಾಂಕವು ಹೆಚ್ಚುಕಡಿಮೆ ೧.೫ ಆದುದರಿಂದ, ಅದರೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರಿಗೆ ಇಳಿಯುವುದು.

ಪೈಥಾನ್ ಭಾಷೆಯು ಹುಟ್ಟಿದ ಊರು ನೆದರ್ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಂ. ಬೆಂಗಳೂರಿನಲ್ಲಿರುವ ಒಂದು ಕಂಪ್ಯೂಟರು ಆ ಊರಿನ ಕಂಪ್ಯೂಟರಿಗೆ ಒಂದು ಪ್ರಶ್ನೆಯನ್ನು ಕಳುಹಿಸಿತೆನ್ನೋಣ. ನೇರವಾಗಿ ಅಳೆದರೆ ಈ ಎರಡು ಊರುಗಳ ನಡುವಿನ ಅಂತರ ಸುಮಾರು ೭,೭೦೦ ಕಿಲೋಮೀಟರು. ಪ್ರಶ್ನೆ ಹೋಗಿ ಉತ್ತರ ಬರಬೇಕಾದರೆ ೧೫,೪೦೦ ಕಿಲೋಮೀಟರು ಕ್ರಮಿಸಬೇಕು. ಇದನ್ನು ೨ ಲಕ್ಷದಿಂದ ಭಾಗಿಸಿದರೆ ೦.೦೭೭ ಸೆಕೆಂಡು, ಎಂದರೆ ೭೭ ಮಿಲಿಸೆಕೆಂಡುಗಳು ಬರುವುವು. ನಿಜವಾದ ತಂತಿಗಳು ಸಮುದ್ರದ ತಳದಲ್ಲಿ ಸುತ್ತಿ ಬಳಸಿ ಹೋಗುವುದರಿಂದ ಕಾಲವು ಇದಕ್ಕಿಂತ ಹೆಚ್ಚಾಗುವುದೇ ಹೊರತು ಕಡಿಮೆಯಾಗಲಾರದು. ಎಷ್ಟು ಹಣ ಸುರಿದರೂ, ಎಂಥ ಯಂತ್ರವನ್ನು ಕೊಂಡು ತಂದರೂ, ಆ ಗಾಜಿನ ಎಳೆಯಲ್ಲಿ ಈ ಮಿತಿಯನ್ನು ದಾಟುವುದು ಸಾಧ್ಯವಿಲ್ಲ.

೭೭ ಮಿಲಿಸೆಕೆಂಡು ನಮಗೆ ಕಣ್ಣೆವೆಯಿಕ್ಕುವಷ್ಟು ಹೊತ್ತೂ ಅಲ್ಲ. ಆದರೆ ಕಂಪ್ಯೂಟರಿನ ದೃಷ್ಟಿಯಿಂದ ನೋಡಿದರೆ ಚಿತ್ರವೇ ಬೇರೆ. ಸಾಮಾನ್ಯವಾದ ಒಂದು ಸಂಸ್ಕಾರಕದ ಗಡಿಯಾರವು ಸೆಕೆಂಡಿಗೆ ೩೦೦ ಕೋಟಿ ಸಲ ಮಿಡಿಯುವುದೆಂದು ಇಟ್ಟುಕೊಂಡರೆ, ಆ ಉತ್ತರ ಬರುವಷ್ಟರಲ್ಲಿ ಅದು ೨೩ ಕೋಟಿಗೂ ಹೆಚ್ಚು ಸಲ ಮಿಡಿದಿರುವುದು. ಒಂದೊಂದು ಮಿಡಿತವನ್ನೂ ನಮ್ಮ ಒಂದು ಸೆಕೆಂಡೆಂದು ಭಾವಿಸಿದರೆ, ಉತ್ತರಕ್ಕಾಗಿ ಅದು ಏಳು ವರ್ಷಗಳಿಗಿಂತ ಹೆಚ್ಚು ಕಾಲ ಕಾದಂತಾಯಿತು! ಒಂದು ಕಾಗದವನ್ನು ಅಂಚೆಗೆ ಹಾಕಿ, ಅದರ ಉತ್ತರ ಬರುವ ತನಕ ಏಳು ವರ್ಷ ಬಾಗಿಲಲ್ಲೇ ನಿಲ್ಲುವವನನ್ನು ಯಾರು ತಾನೆ ಬುದ್ಧಿವಂತನೆನ್ನುವರು? ಜಾಲದ ಪ್ರೋಗ್ರಾಮು ಬರೆಯುವವನ ಮುಂದಿರುವ ಮುಖ್ಯ ಪ್ರಶ್ನೆ ಇದೇ: ಈ ಏಳು ವರ್ಷಗಳಲ್ಲಿ ಮಾಡುವುದೇನು?

ಸಾಕೆಟ್ಟಿನ ಹುಟ್ಟು

ಎರಡು ಕಂಪ್ಯೂಟರುಗಳು ಮಾತನಾಡಿಕೊಳ್ಳಬೇಕಾದರೆ ಇಬ್ಬರೂ ಒಪ್ಪಿದ ನಿಯಮಗಳಿರಬೇಕು. ಅಮೆರಿಕದ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಎಂಬವರು ೧೯೭೪ರಲ್ಲಿ ಪ್ರಕಟಿಸಿದ ಒಂದು ಪ್ರಬಂಧವು ಈ ನಿಯಮಗಳಿಗೆ ತಳಹದಿಯನ್ನು ಹಾಕಿತು. ಅದರಿಂದ ಬೆಳೆದ ಟಿಸಿಪಿ ಎಂಬ ಕಟ್ಟಳೆಯು, ಕಳುಹಿಸಿದ ಸಮಾಚಾರವು ದಾರಿಯಲ್ಲಿ ತುಂಡುತುಂಡಾಗಿ ಚದರಿದರೂ, ಕೆಲವು ತುಂಡುಗಳು ಕಳೆದುಹೋದರೂ, ಅವನ್ನು ಮತ್ತೆ ತರಿಸಿ, ಕಳುಹಿಸಿದ ಕ್ರಮದಲ್ಲಿಯೇ ಜೋಡಿಸಿ ಒಪ್ಪಿಸುವುದು. ೧೯೮೩ನೆಯ ಜನವರಿ ೧ರಂದು ಅಮೆರಿಕದ ಆರ್ಪಾನೆಟ್ ಜಾಲವು ಈ ಹೊಸ ಕಟ್ಟಳೆಗೆ ಬದಲಾಯಿಸಿಕೊಂಡಿತು. ಇಂದಿನ ಅಂತರ್ಜಾಲವು ಆ ದಿನದ ಸಂತಾನ.

ಅದೇ ೧೯೮೩ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಕೇಂದ್ರದಿಂದ ಹೊರಬಂದ ಯುನಿಕ್ಸ್ ಆವೃತ್ತಿಯೊಂದರಲ್ಲಿ ‘ಸಾಕೆಟ್’ ಎಂಬ ಸೌಕರ್ಯವು ಸೇರಿತ್ತು. ಗೋಡೆಯಲ್ಲಿರುವ ವಿದ್ಯುತ್ ಸಾಕೆಟ್ಟನ್ನು ವಾಚಕರು ಬಲ್ಲರು. ವಿದ್ಯುತ್ತು ಶಿವನಸಮುದ್ರದಿಂದ ಬಂದಿತೋ ಶರಾವತಿಯಿಂದ ಬಂದಿತೋ ಎಂದು ವಿಚಾರಿಸದೆ ನಾವು ದೀಪದ ತಂತಿಯನ್ನು ಅದಕ್ಕೆ ಸಿಕ್ಕಿಸುವೆವು. ಪ್ರೋಗ್ರಾಮಿನ ಸಾಕೆಟ್ಟೂ ಅಂಥದೇ. ದಾರಿಯಲ್ಲಿ ಎಷ್ಟು ಯಂತ್ರಗಳಿವೆ, ಎಷ್ಟು ಸಮುದ್ರಗಳಿವೆ ಎಂಬ ಗೊಡವೆಯಿಲ್ಲದೆ ಪ್ರೋಗ್ರಾಮು ತನ್ನ ಸಾಕೆಟ್ಟಿಗೆ ಅಕ್ಷರಗಳನ್ನು ಬರೆಯುವುದು, ಅದರಿಂದ ಅಕ್ಷರಗಳನ್ನು ಓದುವುದು.

ಆ ಕಾಲದಲ್ಲಿ ಇದನ್ನು ಸಿ ಭಾಷೆಯಲ್ಲಿ ಬರೆಯಬೇಕಾಗಿತ್ತು. ಸಿ ಭಾಷೆಯು ಬಲು ವೇಗಶಾಲಿ, ಆದರೆ ಕಠಿಣ. ಸ್ಮೃತಿಯ ಒಂದೊಂದು ಕೋಶದ ಲೆಕ್ಕವನ್ನೂ ಬರೆಯುವವನೇ ಇಡಬೇಕು. ಇದಕ್ಕೆ ಪ್ರತಿಯಾಗಿ ‘ಸ್ಕ್ರಿಪ್ಟಿಂಗ್’ ಭಾಷೆಗಳೆಂದು ಹೆಸರಾದವುಗಳಲ್ಲಿ ನಾಲ್ಕು ಸಾಲು ಬರೆದು ಕೂಡಲೆ ನಡೆಯಿಸಿ ನೋಡಬಹುದು. ಪೈಥಾನ್ ಇಂಥ ಭಾಷೆ. ಅದನ್ನು ರಚಿಸಿದವನು ಆಮ್‌ಸ್ಟರ್‌ಡ್ಯಾಮಿನ ಗಣಿತ ಸಂಶೋಧನ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಗೀಡೋ ವಾನ್ ರಾಸಂ. ಅದು ಮೊದಲು ಲೋಕಕ್ಕೆ ಬಂದುದು ೧೯೯೧ರಲ್ಲಿ. ಹೆಸರನ್ನು ಕೇಳಿ ಹೆಬ್ಬಾವನ್ನು ನೆನೆಯಬೇಕಾಗಿಲ್ಲ, ಬಿ.ಬಿ.ಸಿ.ಯ ಒಂದು ಹಾಸ್ಯ ಕಾರ್ಯಕ್ರಮದಿಂದ ಅವನು ಆ ಹೆಸರನ್ನು ಆರಿಸಿಕೊಂಡನು.

ಲೆಕ್ಕಾಚಾರದಲ್ಲಿ ಪೈಥಾನ್ ಸಿ ಭಾಷೆಗಿಂತ ಹತ್ತಾರು ಪಟ್ಟು ನಿಧಾನ. ಹಾಗಾದರೆ ಜಾಲದ ಕೆಲಸಕ್ಕೆ ಇದು ಹೇಗೆ ತಕ್ಕುದು ಎಂದು ವಾಚಕರು ಕೇಳಬಹುದು. ಮೇಲಿನ ಲೆಕ್ಕವೇ ಇದಕ್ಕೆ ಉತ್ತರ ಹೇಳುವುದು. ೭೭ ಮಿಲಿಸೆಕೆಂಡು ಕಾಯುವ ಕಡೆ, ನಮ್ಮ ಪಾಲಿನ ಕೆಲಸವನ್ನು ಮಿಲಿಸೆಕೆಂಡಿನ ಮೂವತ್ತನೆಯ ಒಂದು ಭಾಗದಲ್ಲಿ ಮುಗಿಸಿದರೂ, ಒಂದು ಮಿಲಿಸೆಕೆಂಡಿನಲ್ಲಿ ಮುಗಿಸಿದರೂ, ಒಟ್ಟು ಕಾಲದಲ್ಲಿ ಕಾಣುವ ವ್ಯತ್ಯಾಸ ಅತ್ಯಲ್ಪ. ಓಟದ ವೇಗಕ್ಕಿಂತ ಕಾಯುವ ಜಾಣತನವೇ ಇಲ್ಲಿ ಹೆಚ್ಚು ಬೆಲೆಯುಳ್ಳದ್ದು.

ಗಿರಾಕಿಗೊಬ್ಬ ಮಾಣಿ

ಒಂದು ಹೋಟೆಲನ್ನು ಕಲ್ಪಿಸಿಕೊಳ್ಳೋಣ. ಗಿರಾಕಿ ಬಂದು ದೋಸೆ ಕೇಳುವನು. ಮಾಣಿ ಅಡಿಗೆಮನೆಗೆ ಹೋಗಿ, ಕಾವಲಿಯ ಮುಂದೆ ನಿಂತು, ದೋಸೆ ಬೇಯುವ ತನಕ ಅಲ್ಲೇ ಕಾದು, ಅದನ್ನು ತಂದುಕೊಟ್ಟು, ಅನಂತರ ಎರಡನೆಯ ಗಿರಾಕಿಯ ಬಳಿಗೆ ಹೋಗುವನು. ಈ ಹೋಟೆಲು ಎರಡು ದಿನವೂ ನಡೆಯಲಾರದು. ಆದರೆ ಸಾಕೆಟ್ಟನ್ನು ಮೊದಲು ಕಲಿತವನು ಬರೆಯುವ ಪ್ರೋಗ್ರಾಮು ಬಹುಮಟ್ಟಿಗೆ ಹೀಗೆಯೇ ನಡೆಯುವುದು. ‘ಓದು’ ಎಂಬ ಆಜ್ಞೆಯನ್ನು ಕೊಟ್ಟೊಡನೆ, ಆ ಕಡೆಯಿಂದ ಅಕ್ಷರಗಳು ಬರುವ ತನಕ ಪ್ರೋಗ್ರಾಮು ಅಲ್ಲಿಯೇ ನಿಂತುಬಿಡುವುದು.

ಮೊದಲು ತೋರುವ ಪರಿಹಾರವೆಂದರೆ ಗಿರಾಕಿಗೊಬ್ಬ ಮಾಣಿಯನ್ನು ನೇಮಿಸುವುದು. ಕಂಪ್ಯೂಟರಿನಲ್ಲಿ ಇಂಥ ಮಾಣಿಗೆ ‘ಥ್ರೆಡ್’ ಎಂದು ಹೆಸರು. ಐವತ್ತು ಗಿರಾಕಿಗಳಿರುವ ಕಡೆ ಇದು ಒಳ್ಳೆಯ ಏರ್ಪಾಡೇ. ಹತ್ತು ಸಾವಿರ ಗಿರಾಕಿಗಳು ಬಂದರೆ ಎರಡು ತೊಡಕುಗಳು ಹುಟ್ಟುವುವು. ಒಂದೊಂದು ಥ್ರೆಡ್ಡಿಗೂ ಸ್ಮೃತಿಯಲ್ಲಿ ಪ್ರತ್ಯೇಕ ಜಾಗ ಬೇಕು. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಎಬ್ಬಿಸುವುದರಲ್ಲಿಯೇ ಸಂಸ್ಕಾರಕದ ಕಾಲ ಬಹಳವಾಗಿ ಕಳೆಯುವುದು. ಇದು ಮೊದಲನೆಯ ತೊಡಕು.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಒಂದು ಖಾತೆಯಲ್ಲಿ ೧,೦೦೦ ರೂಪಾಯಿಗಳಿವೆಯೆನ್ನೋಣ. ಒಬ್ಬ ಮಾಣಿ ಪುಸ್ತಕವನ್ನು ನೋಡಿ ‘ಸಾವಿರವಿದೆ’ ಎಂದು ತಿಳಿದು ೭೦೦ ರೂಪಾಯಿ ಕೊಡಲು ಹೊರಡುವನು. ಅವನು ಪುಸ್ತಕವನ್ನು ತಿದ್ದುವ ಮೊದಲೇ ಇನ್ನೊಬ್ಬನೂ ಅದನ್ನೇ ನೋಡಿ ೬೦೦ ರೂಪಾಯಿ ಕೊಡಲು ಹೊರಡುವನು. ಇಬ್ಬರೂ ಪ್ರಾಮಾಣಿಕರು, ಇಬ್ಬರ ಲೆಕ್ಕವೂ ಸರಿ. ಆದರೂ ೧,೦೦೦ ರೂಪಾಯಿಯ ಖಾತೆಯಿಂದ ೧,೩೦೦ ರೂಪಾಯಿ ಹೊರಗೆ ಹೋಯಿತು! ಇಂಥ ದೋಷವು ಸಾವಿರ ಸಲಕ್ಕೊಮ್ಮೆ ತಲೆದೋರುವುದರಿಂದ ಅದನ್ನು ಹುಡುಕುವುದು ಬಲು ಕಷ್ಟ. ಬೀಗಗಳನ್ನಿಟ್ಟು ಇದನ್ನು ತಡೆಯಬಹುದಾದರೂ, ಇಬ್ಬರು ಒಬ್ಬರ ಬೀಗಕ್ಕಾಗಿ ಇನ್ನೊಬ್ಬರು ಕಾಯುತ್ತ ಕೊನೆಯಿಲ್ಲದೆ ನಿಲ್ಲುವ ಅಪಾಯ ಹೊಸದಾಗಿ ಸೇರುವುದು.

ಒಂದು ಯಂತ್ರವು ಏಕಕಾಲದಲ್ಲಿ ಹತ್ತು ಸಾವಿರ ಗಿರಾಕಿಗಳನ್ನು ಹೇಗೆ ಸಂಭಾಳಿಸಬಲ್ಲುದು ಎಂಬ ಪ್ರಶ್ನೆಯನ್ನು ೧೯೯೯ರಲ್ಲಿ ಡ್ಯಾನ್ ಕೆಗೆಲ್ ಎಂಬ ಎಂಜಿನಿಯರು ಸ್ಪಷ್ಟವಾಗಿ ಮುಂದಿಟ್ಟನು. ‘ಸಿ-೧೦-ಕೆ’ ಎಂದು ಕರೆಯಲ್ಪಟ್ಟ ಈ ಪ್ರಶ್ನೆಯು ಅನೇಕರ ಗಮನವನ್ನು ಸೆಳೆಯಿತು.

ಒಬ್ಬನೇ ಮಾಣಿಯ ಉಪಾಯ

ನಮ್ಮ ಊರಿನ ಹೋಟೆಲುಗಳ ಮಾಣಿಗಳು ಈ ಪ್ರಶ್ನೆಯನ್ನು ಎಂದೋ ಬಿಡಿಸಿದ್ದಾರೆ. ಚುರುಕಾದ ಮಾಣಿಯು ಒಂದು ಮೇಜಿನಲ್ಲಿ ‘ಎರಡು ದೋಸೆ’ ಎಂಬುದನ್ನು ಕೇಳಿ, ಅಡಿಗೆಮನೆಗೆ ಕೂಗಿ ಹೇಳಿ, ಮರುಕ್ಷಣವೇ ಎರಡನೆಯ ಮೇಜಿಗೆ ತಿರುಗುವನು. ಅಲ್ಲಿ ಕಾಫಿ, ಇನ್ನೊಂದು ಕಡೆ ಬಿಲ್ಲು. ದೋಸೆ ಸಿದ್ಧವಾಯಿತೆಂದು ಒಳಗಿನಿಂದ ಕೂಗು ಬಂದಾಗ ಹೋಗಿ ಅದನ್ನು ತರುವನು. ಅವನು ಎಲ್ಲಿಯೂ ನಿಂತು ಕಾಯುವುದಿಲ್ಲ. ಕಾಯುವ ಕೆಲಸವೆಲ್ಲ ಗಿರಾಕಿಗಳದು ಮತ್ತು ಕಾವಲಿಯದು!

ಕಂಪ್ಯೂಟರಿನಲ್ಲಿ ಈ ‘ಕೂಗು’ ಎಲ್ಲಿಂದ ಬರಬೇಕು? ಯಾವ ಸಾಕೆಟ್ಟಿಗೆ ಅಕ್ಷರಗಳು ಬಂದಿವೆಯೆಂಬುದು ಕಾರ್ಯಾಚರಣ ವ್ಯವಸ್ಥೆಗೆ ಗೊತ್ತು. ‘ಈ ಸಾಕೆಟ್ಟುಗಳಲ್ಲಿ ಯಾವುದು ಸಿದ್ಧವಾಗಿದೆ?’ ಎಂದು ಅದನ್ನು ಕೇಳುವ ‘ಸೆಲೆಕ್ಟ್’ ಎಂಬ ಆಜ್ಞೆಯು ೧೯೮೩ರ ಬರ್ಕ್ಲಿ ಯುನಿಕ್ಸಿನಲ್ಲಿಯೇ ಇದ್ದಿತು. ಆದರೆ ಅದು ಪ್ರತಿ ಸಲವೂ ಪಟ್ಟಿಯನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ನೋಡಬೇಕಾಗಿತ್ತು. ಸಾಮಾನ್ಯವಾಗಿ ಪಟ್ಟಿಯಲ್ಲಿ ೧,೦೨೪ಕ್ಕಿಂತ ಹೆಚ್ಚು ಸ್ಥಾನಗಳೂ ಇರುತ್ತಿರಲಿಲ್ಲ. ೨೦೦೦ದಲ್ಲಿ ಫ್ರೀಬಿಎಸ್‌ಡಿ ವ್ಯವಸ್ಥೆಗೆ ‘ಕೆ-ಕ್ಯೂ’ ಎಂಬುದೂ, ೨೦೦೨ರಲ್ಲಿ ಲಿನಕ್ಸಿಗೆ ‘ಇ-ಪೋಲ್’ ಎಂಬುದೂ ಸೇರಿ ಈ ಕೊರತೆಯನ್ನು ನೀಗಿದುವು. ಇವು ಸಿದ್ಧವಾದ ಸಾಕೆಟ್ಟುಗಳ ಹೆಸರನ್ನು ಮಾತ್ರ ಹೇಳುವುವು.

ಇದರ ಲಾಭವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ಪ್ರಶ್ನೆಗೆ ಉತ್ತರ ಕೊಡಲು ೧ ಮಿಲಿಸೆಕೆಂಡಿನ ದುಡಿಮೆಯೂ, ದೂರದ ದಾಖಲೆ ಭಂಡಾರದ ಉತ್ತರಕ್ಕಾಗಿ ೯೯ ಮಿಲಿಸೆಕೆಂಡಿನ ಕಾಯುವಿಕೆಯೂ ಬೇಕೆನ್ನೋಣ. ನಿಂತು ಕಾಯುವ ಒಬ್ಬ ಮಾಣಿಯು ಸೆಕೆಂಡಿಗೆ ೧೦ ಪ್ರಶ್ನೆಗಳನ್ನು ಮಾತ್ರ ಮುಗಿಸುವನು. ನಿಲ್ಲದ ಮಾಣಿಗೆ ಪ್ರತಿ ಪ್ರಶ್ನೆಯಿಂದ ತಗಲುವ ಕಾಲ ೧ ಮಿಲಿಸೆಕೆಂಡು ಮಾತ್ರವಾದುದರಿಂದ, ದಾಖಲೆ ಭಂಡಾರವು ತಡೆದುಕೊಳ್ಳುವುದಾದರೆ, ಅವನು ೧,೦೦೦ದವರೆಗೆ ಮುಗಿಸಬಲ್ಲನು. ಯಂತ್ರ ಅದೇ, ಭಾಷೆ ಅದೇ. ಕಾಯುವ ಕ್ರಮ ಬದಲಾದ ಮಾತ್ರಕ್ಕೆ ಫಲ ನೂರು ಮಡಿ.

ಟ್ವಿಸ್ಟೆಡ್ ಲೈಬ್ರರಿಯ ರಚನೆ

ಆದರೆ ‘ಇ-ಪೋಲ್’, ‘ಕೆ-ಕ್ಯೂ’ ಮೊದಲಾದವುಗಳನ್ನು ನೇರವಾಗಿ ಬಳಸುವುದು ಸುಲಭವಲ್ಲ. ವ್ಯವಸ್ಥೆಯಿಂದ ವ್ಯವಸ್ಥೆಗೆ ಅವು ಬೇರೆ ಬೇರೆ. ಇಲ್ಲಿಯೇ ಲೈಬ್ರರಿಯು ನೆರವಿಗೆ ಬರುವುದು. ಅಮೆರಿಕದ ಗ್ಲಿಫ್ ಲೆಫ್ಕೊವಿಟ್ಸ್ ಎಂಬ ತರುಣನು, ಅನೇಕರು ದೂರದೂರದಿಂದ ಒಟ್ಟಿಗೆ ಸೇರಿ ಆಡುವ ‘ಟ್ವಿಸ್ಟೆಡ್ ರಿಯಾಲಿಟಿ’ ಎಂಬ ಬರಹದ ಆಟವೊಂದನ್ನು ಕಟ್ಟಲು ಹೊರಟಿದ್ದನು. ಆಟಕ್ಕಾಗಿ ಬರೆದ ಜಾಲದ ಭಾಗವು ಆಟಕ್ಕಿಂತ ಹೆಚ್ಚು ಉಪಯುಕ್ತವಾಗಿ ಬೆಳೆಯಿತು. ೨೦೦೨ರ ಹೊತ್ತಿಗೆ ಅದು ‘ಟ್ವಿಸ್ಟೆಡ್’ ಎಂಬ ಹೆಸರಿನ ಪೈಥಾನ್ ಲೈಬ್ರರಿಯಾಗಿ ಹೊರಬಂದು, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ಸ್ವತ್ತಾಯಿತು. ಅಂದಿನಿಂದ ಅನೇಕ ಸ್ವಯಂಸೇವಕರು ಅದನ್ನು ಬೆಳೆಸುತ್ತ ಬಂದಿದ್ದಾರೆ.

ಈ ಲೈಬ್ರರಿಯ ಹೃದಯಕ್ಕೆ ‘ರಿಯಾಕ್ಟರ್’ ಎಂದು ಹೆಸರು. ಅಣುಶಕ್ತಿಯ ರಿಯಾಕ್ಟರಿಗೂ ಇದಕ್ಕೂ ಸಂಬಂಧವಿಲ್ಲ. ಹೊರಗೆ ನಡೆದ ಘಟನೆಗೆ ಪ್ರತಿಕ್ರಿಯೆ ತೋರುವುದರಿಂದ ಈ ಹೆಸರು ಬಂದಿದೆ. ಅದು ಒಂದು ಚಕ್ರದಂತೆ ಸುತ್ತುತ್ತಿರುವುದು: ಯಾವ ಸಾಕೆಟ್ಟು ಸಿದ್ಧವಾಗಿದೆಯೆಂದು ವ್ಯವಸ್ಥೆಯನ್ನು ಕೇಳುವುದು, ಆ ಸಾಕೆಟ್ಟಿಗೆ ಸಂಬಂಧಪಟ್ಟ ನಮ್ಮ ಪ್ರೋಗ್ರಾಮಿನ ತುಂಡನ್ನು ಕರೆಯುವುದು, ಆ ತುಂಡು ಮುಗಿದೊಡನೆ ಮತ್ತೆ ಕೇಳುವುದು. ಏನೂ ಸಿದ್ಧವಿಲ್ಲದಿದ್ದರೆ ಅದು ನಿದ್ರಿಸುವುದು. ಆಗ ಸಂಸ್ಕಾರಕಕ್ಕೆ ಯಾವ ಹೊರೆಯೂ ಇಲ್ಲ.

ನಾವು ಬರೆಯಬೇಕಾದುದು ‘ಪ್ರೋಟೊಕಾಲ್’ ಎಂಬ ಭಾಗವನ್ನು ಮಾತ್ರ. ಸಂಪರ್ಕವಾದಾಗ ಏನು ಮಾಡಬೇಕು, ಅಕ್ಷರಗಳು ಬಂದಾಗ ಏನು ಮಾಡಬೇಕು, ಸಂಪರ್ಕ ಕಡಿದಾಗ ಏನು ಮಾಡಬೇಕು—ಈ ಮೂರು ಪ್ರಶ್ನೆಗಳಿಗೆ ಅದು ಉತ್ತರ ಹೇಳುವುದು. ಅಕ್ಷರಗಳನ್ನು ನಿಜವಾಗಿ ಹೊತ್ತೊಯ್ಯುವ ಭಾಗಕ್ಕೆ ‘ಟ್ರಾನ್ಸ್‌ಪೋರ್ಟ್’ ಎಂದು ಹೆಸರು. ಮಾತು ಬೇರೆ, ಮಾತನ್ನೊಯ್ಯುವ ವಾಹನ ಬೇರೆ ಎಂಬ ಈ ವಿಂಗಡಣೆಯಿಂದ ದೊಡ್ಡದೊಂದು ಪ್ರಯೋಜನವುಂಟು. ಬಯಲಿನ ತಂತಿಯ ಮೇಲೆ ಹೋಗುತ್ತಿದ್ದ ಮಾತನ್ನು ಗೂಢಲಿಪಿಯ ವಾಹನಕ್ಕೆ ಏರಿಸಬೇಕಾದರೆ ಮಾತನ್ನು ತಿದ್ದಬೇಕಾಗಿಲ್ಲ. ವಾಹನವನ್ನು ಬದಲಿಸಿದರೆ ಸಾಕು.

ಮುರಿದು ಬರುವ ಕನ್ನಡ

ಟಿಸಿಪಿಯು ಅಕ್ಷರಗಳನ್ನು ಕ್ರಮ ತಪ್ಪದೆ ಒಪ್ಪಿಸುವುದೆಂದು ಮೇಲೆ ಹೇಳಿದೆವು. ಒಂದು ಸಂದೇಶವು ಎಲ್ಲಿ ಮುಗಿದು ಮತ್ತೊಂದು ಎಲ್ಲಿ ಮೊದಲಾಗುವುದೆಂಬುದನ್ನು ಮಾತ್ರ ಅದು ಹೇಳುವುದಿಲ್ಲ. ನಲ್ಲಿಯ ನೀರಿನಲ್ಲಿ ಇದು ಮೊದಲ ಕೊಡದ್ದು, ಇದು ಎರಡನೆಯ ಕೊಡದ್ದು ಎಂಬ ಗುರುತು ಇಲ್ಲದಿರುವಂತೆ, ಅಲ್ಲಿಯೂ ಇರುವುದು ಒಂದೇ ಪ್ರವಾಹ. ಒಂದೇ ಸಲಕ್ಕೆ ಕಳುಹಿಸಿದ್ದು ಎರಡು ಸಲವಾಗಿ ಬರಬಹುದು; ಎರಡು ಸಲ ಕಳುಹಿಸಿದ್ದು ಒಂದಾಗಿ ಬರಬಹುದು.

ಇದರಿಂದ ಕನ್ನಡಿಗರಿಗೆ ವಿಶೇಷವಾದ ತೊಂದರೆಯೊಂದುಂಟು. ಯುಟಿಎಫ್-೮ ಎಂಬ ಸಂಕೇತ ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟುಗಳು ಬೇಕು. ‘ಕನ್ನಡ’ ಎಂಬ ಪದವನ್ನು ಕಂಪ್ಯೂಟರು ಕ, ನ, ವಿರಾಮಚಿಹ್ನೆ, ನ, ಡ ಎಂಬ ಐದು ಚಿಹ್ನೆಗಳಾಗಿ ಕಾಣುವುದು. ಇಲ್ಲಿ ವಿರಾಮಚಿಹ್ನೆಯೆಂದರೆ ಸ್ವರವನ್ನು ಕಳೆದು ಒತ್ತಕ್ಷರಕ್ಕೆ ಎಡೆಮಾಡುವ ಗುರುತು. ಒಟ್ಟು ೧೫ ಬೈಟುಗಳಾದುವು. ಈ ಹದಿನೈದರಲ್ಲಿ ಮೊದಲು ೧೦, ಅನಂತರ ೫ ಬಂದುವೆನ್ನೋಣ. ಒಂಬತ್ತು ಬೈಟುಗಳಿಂದ ಮೂರು ಚಿಹ್ನೆಗಳು ಪೂರ್ಣವಾದುವು. ಹತ್ತನೆಯ ಬೈಟು ಎರಡನೆಯ ‘ನ’ದ ಮೂರನೆಯ ಒಂದು ಭಾಗ ಮಾತ್ರ! ಬಂದುದನ್ನು ಬಂದ ಹಾಗೆಯೇ ಅಕ್ಷರವನ್ನಾಗಿ ಮಾಡಲು ಹೋದರೆ ಪ್ರೋಗ್ರಾಮು ದೋಷವೆಂದು ಕೂಗಿ ನಿಲ್ಲುವುದು, ಇಲ್ಲವೆ ಅಕ್ಷರವಿರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆಯನ್ನು ತೋರುವುದು.

ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವನಿಗೆ ಇದು ಎಂದೂ ಕಾಣಿಸದು. ತನ್ನ ಮೇಜಿನ ಮೇಲಿನ ಒಂದೇ ಯಂತ್ರದೊಳಗೆ ಕಳುಹಿಸಿ ನೋಡಿದವನಿಗೂ ಸಾಮಾನ್ಯವಾಗಿ ಕಾಣಿಸದು. ಅಲ್ಲಿ ಸಣ್ಣ ಸಂದೇಶವು ಇಡಿಯಾಗಿಯೇ ಬರುವುದು. ದೂರದ ತಂತಿಯ ಮೇಲೆ, ದಟ್ಟಣೆಯ ದಿನ, ಯಾರದೋ ಹೆಸರಿನ ನಡುವೆ ಅದು ತಲೆದೋರುವುದು. ಆ ಹೆಸರಿನವನಿಗೆ ಅದು ಸಣ್ಣ ದೋಷವಲ್ಲ. ಇದಕ್ಕೆ ಪರಿಹಾರ ಸುಲಭ. ಪೂರ್ಣವಾಗದ ಬೈಟುಗಳನ್ನು ತೆಗೆದಿಟ್ಟುಕೊಂಡು, ಉಳಿದವು ಬಂದ ಮೇಲೆ ಸೇರಿಸಬೇಕು. ಟ್ವಿಸ್ಟೆಡ್ ಲೈಬ್ರರಿಯಲ್ಲಿ ‘ಲೈನ್ ರಿಸೀವರ್’ ಎಂಬ ಸಿದ್ಧ ಭಾಗವಿದೆ. ಸಾಲಿನ ಕೊನೆಯ ಗುರುತು ಬರುವ ತನಕ ಬೈಟುಗಳನ್ನು ಕೂಡಿಹಾಕಿ, ಸಾಲು ಪೂರ್ಣವಾದ ಮೇಲೆಯೇ ಅದು ನಮ್ಮನ್ನು ಕರೆಯುವುದು. ಪೂರ್ಣವಾದ ಸಾಲನ್ನು ಅಕ್ಷರಗಳನ್ನಾಗಿ ಮಾಡಿದರೆ ಕನ್ನಡ ಮುರಿಯುವುದಿಲ್ಲ.

ಮೌನದ ಅರ್ಥವೇನು?

ಮಾಣಿಯು ನಿಲ್ಲದೆ ಹೋಗುವನೆಂದರೆ, ಯಾವ ದೋಸೆ ಯಾರಿಗೆಂಬುದನ್ನು ನೆನಪಿಡುವವರು ಯಾರು? ಇದಕ್ಕಾಗಿ ಟ್ವಿಸ್ಟೆಡ್ ಲೈಬ್ರರಿಯಲ್ಲಿ ‘ಡಿಫರ್ಡ್’ ಎಂಬ ಏರ್ಪಾಡು ಇದೆ. ಇದು ಹೋಟೆಲಿನ ಟೋಕನ್ನಿನಂತೆ. ‘ಉತ್ತರ ಈಗ ಇಲ್ಲ, ಮುಂದೆ ಬರುವುದು, ಬಂದಾಗ ಹೀಗೆ ಮಾಡು’ ಎಂಬ ಸೂಚನೆಯನ್ನು ಅದಕ್ಕೆ ಕಟ್ಟಿಡಬಹುದು. ಜೊತೆಗೆ ‘ಉತ್ತರ ಬಾರದೆ ಕೆಲಸ ಕೆಟ್ಟರೆ ಹೀಗೆ ಮಾಡು’ ಎಂಬ ಎರಡನೆಯ ಸೂಚನೆಯನ್ನೂ ಕಟ್ಟಬಹುದು. ಒಳ್ಳೆಯದಕ್ಕೊಂದು ದಾರಿ, ಕೆಟ್ಟದಕ್ಕೊಂದು ದಾರಿ—ಈ ಎರಡನ್ನೂ ಮೊದಲೇ ಯೋಚಿಸಿಡುವಂತೆ ಅದು ಬರೆಯುವವನಿಗೆ ನೆನಪು ಕೊಡುವುದು.

ಕೆಟ್ಟ ದಾರಿಯನ್ನು ಯೋಚಿಸುವುದು ಇಲ್ಲಿ ಅಲಂಕಾರದ ಮಾತಲ್ಲ. ದೂರದ ಯಂತ್ರದಿಂದ ಉತ್ತರ ಬರಲಿಲ್ಲ. ಅದು ಕೆಟ್ಟುಹೋಗಿದೆಯೇ? ದಾರಿಯ ತಂತಿ ತುಂಡಾಗಿದೆಯೇ? ಅಥವಾ ಉತ್ತರವು ಈಗ ತಾನೆ ಹೊರಟು ದಾರಿಯಲ್ಲಿದೆಯೇ? ಕಾಯುತ್ತಿರುವವನಿಗೆ ಇವೆಲ್ಲವೂ ಒಂದೇ ಬಗೆಯಾಗಿ, ಬರಿಯ ಮೌನವಾಗಿ ಕಾಣುವುವು. ಸತ್ತುದಕ್ಕೂ ತಡವಾದುದಕ್ಕೂ ಇರುವ ಭೇದವನ್ನು ದೂರದಿಂದ ಖಚಿತವಾಗಿ ಹೇಳುವ ಉಪಾಯವಿಲ್ಲ. ಆದುದರಿಂದ ‘ಇಷ್ಟು ಸೆಕೆಂಡು ಕಾಯುವೆನು, ಆಮೇಲೆ ಬಿಡುವೆನು’ ಎಂದು ಗಡುವನ್ನು ನಾವೇ ಗೊತ್ತುಮಾಡಬೇಕು. ಅದು ಬಹಳ ಕಡಿಮೆಯಾದರೆ ಬದುಕಿರುವುದನ್ನು ಸತ್ತಿತೆಂದು ಎಣಿಸುವೆವು. ಬಹಳ ಹೆಚ್ಚಾದರೆ ಸತ್ತುದಕ್ಕಾಗಿ ಕಾಯುವೆವು. ಗಡುವು ಮೀರಿತೆಂದು ಮತ್ತೆ ಕಳುಹಿಸುವಾಗಲೂ ಎಚ್ಚರ ಬೇಕು. ಹಣ ಪಾವತಿಯ ಸಂದೇಶವು ಮೊದಲನೆಯ ಸಲವೇ ತಲಪಿದ್ದು, ಅದರ ಉತ್ತರ ಮಾತ್ರ ಕಳೆದುಹೋಗಿದ್ದರೆ, ಎರಡು ಸಲ ಹಣ ಹೋದೀತು.

ಮಾಣಿಯೇ ನಿಂತರೆ

ಇಷ್ಟೆಲ್ಲ ಹೊಗಳಿದ ಮೇಲೆ ಈ ಏರ್ಪಾಡಿನ ದೌರ್ಬಲ್ಯವನ್ನೂ ಹೇಳಬೇಕು. ಮಾಣಿ ಒಬ್ಬನೇ. ಅವನೇ ಒಂದು ಮೇಜಿನಲ್ಲಿ ಕುಳಿತು ಐದು ಸೆಕೆಂಡು ಲೆಕ್ಕ ಮಾಡತೊಡಗಿದರೆ ಹತ್ತು ಸಾವಿರ ಗಿರಾಕಿಗಳೂ ಐದು ಸೆಕೆಂಡು ಕಾಯಬೇಕು. ಗಿರಾಕಿಗೊಬ್ಬ ಮಾಣಿಯಿರುವ ಕಡೆ ಒಬ್ಬನ ಸೋಮಾರಿತನ ಒಬ್ಬನಿಗೆ ಮಾತ್ರ ಹಾನಿ. ಇಲ್ಲಿ ಎಲ್ಲರಿಗೂ ಹಾನಿ.

ಹತ್ತು ಸಾವಿರ ಗಿರಾಕಿಗಳು ತಲಾ ಹತ್ತು ಸೆಕೆಂಡಿಗೊಂದು ಪ್ರಶ್ನೆ ಕೇಳುವರೆನ್ನೋಣ. ಸೆಕೆಂಡಿಗೆ ೧,೦೦೦ ಪ್ರಶ್ನೆಗಳಾದುವು. ಒಂದಕ್ಕೆ ಅರ್ಧ ಮಿಲಿಸೆಕೆಂಡಿನ ದುಡಿಮೆ ಬೇಕಾದರೆ ಮಾಣಿಗೆ ಅರ್ಧ ಹೊತ್ತು ಬಿಡುವೇ ಇರುವುದು. ಆದರೆ ಯಾರೋ ಅಜಾಗರೂಕತೆಯಿಂದ ಒಂದು ಭಾರವಾದ ಕೆಲಸವನ್ನು ನಡುವೆ ಸೇರಿಸಿ, ದುಡಿಮೆಯು ೨ ಮಿಲಿಸೆಕೆಂಡಿಗೆ ಏರಿದರೆ, ಸೆಕೆಂಡಿಗೆ ೫೦೦ ಪ್ರಶ್ನೆಗಳು ಮಾತ್ರ ಮುಗಿಯುವುವು. ಉಳಿದ ೫೦೦ ಸಾಲಿನಲ್ಲಿ ನಿಲ್ಲುವುವು. ಗಿರಾಕಿಗಳು ಕೇಳುವುದನ್ನು ನಿಲ್ಲಿಸದಿದ್ದರೆ ಒಂದು ನಿಮಿಷದೊಳಗೆ ಸಾಲಿನಲ್ಲಿ ೩೦,೦೦೦ ಪ್ರಶ್ನೆಗಳಾಗುವುವು! ಉತ್ತರ ಬಾರದಿದ್ದಾಗ ನಾವೆಲ್ಲರೂ ಪುಟವನ್ನು ಮತ್ತೆ ಮತ್ತೆ ಒತ್ತುವೆವಲ್ಲವೆ? ಆ ಒತ್ತುಗಳೂ ಅದೇ ಸಾಲಿನ ಬಾಲಕ್ಕೆ ಸೇರುವುವು. ಫಲಿತಾಂಶದ ದಿನದ ಜಾಲತಾಣವು ನಿಧಾನವಾಗಿ ಅಲ್ಲ, ಥಟ್ಟನೆ ಕುಸಿಯಲು ಇದೊಂದು ಕಾರಣ. ಸೇತುವೆಯು ಮಿತಿಯೊಳಗಿನ ಹೊರೆಯನ್ನು ವರ್ಷಗಟ್ಟಲೆ ಹೊತ್ತು, ಮಿತಿಯನ್ನು ಮೀರಿದೊಡನೆ ಮುರಿಯುವಂತೆ ಇದು.

ಆದಕಾರಣ ಭಾರವಾದ ಲೆಕ್ಕವನ್ನು ರಿಯಾಕ್ಟರಿನ ಚಕ್ರದೊಳಗೆ ಮಾಡಬಾರದು. ಅದನ್ನು ಹಿಂದಿನ ಕೋಣೆಯ ಇತರ ಕೆಲಸಗಾರರಿಗೆ ಒಪ್ಪಿಸಿ ಟೋಕನ್ ಪಡೆಯಬೇಕು. ಅದಕ್ಕೆ ಬೇಕಾದ ಥ್ರೆಡ್ಡುಗಳ ಸಣ್ಣ ಪಡೆಯೊಂದು ಟ್ವಿಸ್ಟೆಡ್ ಲೈಬ್ರರಿಯಲ್ಲಿದೆ. ಸಂಸ್ಕಾರಕದಲ್ಲಿ ಹಲವು ತಿರುಳುಗಳಿದ್ದರೆ ಒಂದೊಂದಕ್ಕೂ ಒಂದೊಂದು ಪ್ರತ್ಯೇಕ ಪ್ರೋಗ್ರಾಮನ್ನು ನಡೆಯಿಸಬೇಕು. ಲೈಬ್ರರಿಯು ಕಾಯುವುದನ್ನು ಕಲಿಸಬಲ್ಲುದು, ದುಡಿಮೆಯನ್ನು ಇಲ್ಲವಾಗಿಸಲಾರದು.

ಬೆಳೆದ ವಂಶ

ಈ ವಿಚಾರವು ಒಂದೇ ಲೈಬ್ರರಿಯಲ್ಲಿ ಉಳಿಯಲಿಲ್ಲ. ೨೦೦೯ರಲ್ಲಿ ರಯಾನ್ ಡಾಲ್ ಎಂಬವನು ಜಾವಾಸ್ಕ್ರಿಪ್ಟ್ ಭಾಷೆಗಾಗಿ ರಚಿಸಿದ ‘ನೋಡ್’ ಎಂಬುದು ಇದೇ ತತ್ತ್ವದ ಮೇಲೆ ನಿಂತಿದೆ. ಟ್ವಿಸ್ಟೆಡ್ ಲೈಬ್ರರಿಯ ಪ್ರಭಾವವನ್ನು ಅದರ ಕರ್ತೃಗಳೇ ಒಪ್ಪಿಕೊಂಡಿದ್ದಾರೆ. ಪೈಥಾನಿನ ಕರ್ತೃವಾದ ವಾನ್ ರಾಸಂ ೨೦೧೨ರಲ್ಲಿ ಇಂಥ ಏರ್ಪಾಡನ್ನು ಭಾಷೆಯೊಳಗೇ ಸೇರಿಸಬೇಕೆಂದು ಸೂಚಿಸಿದನು. ಅದು ‘ಅಸಿಂಕ್-ಐಓ’ ಎಂಬ ಹೆಸರಿನಿಂದ ೨೦೧೪ರ ಪೈಥಾನ್ ೩.೪ ಆವೃತ್ತಿಯಲ್ಲಿ ಸೇರಿತು. ಪ್ರೋಟೊಕಾಲ್, ಟ್ರಾನ್ಸ್‌ಪೋರ್ಟ್ ಎಂಬ ವಿಂಗಡಣೆಯನ್ನು ಅದು ಟ್ವಿಸ್ಟೆಡ್ ಲೈಬ್ರರಿಯಿಂದಲೇ ಪಡೆದಿದೆ. ೨೦೧೫ರ ೩.೫ ಆವೃತ್ತಿಯಲ್ಲಿ ‘ಅವೇಟ್’ ಎಂಬ ಪದವು ಭಾಷೆಗೆ ಸೇರಿ, ‘ಇಲ್ಲಿ ಕಾಯಬೇಕು, ಅಷ್ಟರಲ್ಲಿ ಬೇರೆಯವರ ಕೆಲಸ ನಡೆಯಲಿ’ ಎಂಬುದನ್ನು ಒಂದೇ ಮಾತಿನಲ್ಲಿ ಬರೆಯುವಂತಾಯಿತು. ಹೊಸದು ಬಂದಿತೆಂದು ಹಳೆಯದು ಮೂಲೆ ಸೇರಲಿಲ್ಲ. ಜಾಲತಾಣಗಳಿಂದ ಮಾಹಿತಿ ಸಂಗ್ರಹಿಸುವ ‘ಸ್ಕ್ರೇಪಿ’, ಸಂದೇಶ ವಿನಿಮಯದ ‘ಸಿನಾಪ್ಸ್’ ಮೊದಲಾದ ಪ್ರೋಗ್ರಾಮುಗಳು ಟ್ವಿಸ್ಟೆಡ್ ಲೈಬ್ರರಿಯನ್ನೇ ತಳಹದಿಯಾಗಿಟ್ಟುಕೊಂಡು ಬೆಳೆದಿವೆ.

ವಿದ್ಯಾರ್ಥಿಗಳಿಗೆ ಎರಡು ಪ್ರಯೋಗಗಳು

ಭೌತಶಾಸ್ತ್ರದಲ್ಲಿ ಹೇಗೋ ಇಲ್ಲಿಯೂ ಹಾಗೆಯೇ. ಓದಿದುದನ್ನು ಮಾಡಿ ನೋಡದೆ ತಿಳಿವು ಪೂರ್ಣವಾಗದು. ಪೈಥಾನ್ ಇರುವ ಒಂದು ಕಂಪ್ಯೂಟರು ಸಿಕ್ಕಿದರೆ ಈ ಎರಡು ಪ್ರಯೋಗಗಳನ್ನು ಒಂದು ಸಂಜೆಯಲ್ಲಿ ಮಾಡಬಹುದು.

ಒಂದನೆಯದು: ಬಂದ ಬೈಟುಗಳನ್ನು ಬಂದ ಹಾಗೆಯೇ ಅಕ್ಷರವಾಗಿಸಿ ತೋರಿಸುವ ಸಣ್ಣ ಸರ್ವರನ್ನು ಟ್ವಿಸ್ಟೆಡ್ ಲೈಬ್ರರಿಯಿಂದ ರಚಿಸಿರಿ. ಇನ್ನೊಂದು ಪ್ರೋಗ್ರಾಮಿನಿಂದ ‘ಕನ್ನಡ’ ಎಂಬ ಪದದ ೧೫ ಬೈಟುಗಳಲ್ಲಿ ಮೊದಲು ೧೦ನ್ನು ಕಳುಹಿಸಿ, ಒಂದು ಸೆಕೆಂಡು ತಡೆದು, ಉಳಿದ ೫ನ್ನು ಕಳುಹಿಸಿರಿ. ಏನಾಗುವುದೆಂದು ನೋಡಿ, ಅನಂತರ ಅದನ್ನು ಸರಿಪಡಿಸಿರಿ.

ಎರಡನೆಯದು: ಸರ್ವರಿನ ಉತ್ತರ ಕೊಡುವ ಭಾಗದಲ್ಲಿ ಐದು ಸೆಕೆಂಡು ನಿದ್ರಿಸುವ ಆಜ್ಞೆಯನ್ನು ಸೇರಿಸಿರಿ. ಎರಡು ಕಿಟಕಿಗಳಿಂದ ಒಟ್ಟಿಗೆ ಪ್ರಶ್ನೆ ಕೇಳಿರಿ. ಎರಡು ಉತ್ತರಗಳೂ ಬಂದು ಮುಗಿಯಲು ಒಟ್ಟು ಹತ್ತು ಸೆಕೆಂಡು ಹಿಡಿಯುವುದು. ಆಮೇಲೆ ಆ ಆಜ್ಞೆಯನ್ನು ತೆಗೆದು, ‘ಐದು ಸೆಕೆಂಡಿನ ಬಳಿಕ ನನ್ನನ್ನು ಕರೆ’ ಎಂದು ರಿಯಾಕ್ಟರಿಗೆ ಹೇಳುವ ‘ಕಾಲ್ ಲೇಟರ್’ ಎಂಬುದನ್ನು ಬಳಸಿರಿ. ಎರಡು ಉತ್ತರಗಳೂ ಹೆಚ್ಚುಕಡಿಮೆ ಐದು ಸೆಕೆಂಡಿಗೇ ಬರುವುವು. ಗಿರಾಕಿಗಳನ್ನು ಇಬ್ಬರಿಂದ ಇನ್ನೂರಕ್ಕೆ ಏರಿಸಿ, ಗಡಿಯಾರ ಹಿಡಿದು ಎರಡು ಕ್ರಮಗಳನ್ನೂ ಅಳೆದು, ಫಲವನ್ನು ಒಂದು ನಕ್ಷೆಯಾಗಿ ಬರೆಯಿರಿ. ಎರಡು ಗೆರೆಗಳು ಒಂದರಿಂದೊಂದು ಎಷ್ಟು ದೂರ ಸರ್ರನೆ ಅಗಲುವುವೆಂಬುದನ್ನು ಕಂಡ ಮೇಲೆ ಈ ಲೇಖನವನ್ನು ಮತ್ತೊಮ್ಮೆ ಓದಬೇಕಾಗಲಾರದು.